ಡೇನಿಯಲ್ ಬೂನ್ ವಂಶದವರೆಂಬ ಮಾತನ್ನು ದಾಖಲೆಯಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾವೇರಿ ಕಡೆಯ ನಿವೃತ್ತ ಶಿಕ್ಷಕ. ನನ್ನ ಮಗಳು ಅಮೆರಿಕದ ಕೆಂಟಕಿಯಲ್ಲಿದ್ದಾಳೆ. ಅಳಿಯ ಅಲ್ಲಿಯವರೇ, ಅಡ್ಡಹೆಸರು ಬೂನ್. 1775ರಲ್ಲಿ ಕಾಡು ಕಡಿದು ಕೆಂಟಕಿಗೆ ದಾರಿ ಮಾಡಿದ ಡೇನಿಯಲ್ ಬೂನ್‌ನ ವಂಶದವರು ತಾವೆಂದು ಬೀಗರು ಹೇಳುತ್ತಾರೆ. ಮೊಮ್ಮಗನಿಗೆ ಎರಡೂ ಕಡೆಯ ವಂಶಾವಳಿ ಬರೆದುಕೊಡಬೇಕೆಂಬುದು ನನ್ನ ಆಸೆ. ನಮ್ಮ ಕಡೆಯದನ್ನು ಹೆಳವರು ಬಂದಾಗ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಆ ಕಡೆಯದನ್ನು ಎಲ್ಲಿಂದ ಆರಂಭಿಸಲಿ? ಡೇನಿಯಲ್ ಹುಟ್ಟಿದ ದಿನವೇ ಒಂದು ಕಡೆ 1734ರ ಅಕ್ಟೋಬರ್ 22, ಇನ್ನೊಂದು ಕಡೆ ನವೆಂಬರ್ 2 ಎಂದಿದೆ. ಯಾವುದು ಸರಿ?

ಉತ್ತರ: ನಮಸ್ಕಾರ ಸರ್. ಎರಡೂ ಸರಿ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಪಂಚಾಂಗ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದು ಎಣಿಸಿ 11 ದಿನಗಳನ್ನು ಬಿಟ್ಟರು. ಹಳೆಯ ಲೆಕ್ಕದ ಅಕ್ಟೋಬರ್ 22 ಹೊಸ ಲೆಕ್ಕದಲ್ಲಿ ನವೆಂಬರ್ 2 ಆಗುತ್ತದೆ. ಬೂನ್ ಮನೆತನ ಕ್ವೇಕರ್ ಎಂಬ ಕ್ರೈಸ್ತ ಪಂಥದ್ದಾದ್ದರಿಂದ ಇನ್ನೊಂದು ತೊಡಕೂ ಇದೆ. ಕ್ವೇಕರರು ತಿಂಗಳುಗಳನ್ನು ಹೆಸರಿನಿಂದ ಬರೆಯದೆ ಅಂಕಿಯಿಂದ ಬರೆಯುತ್ತಿದ್ದರು, ಮತ್ತು 1752ಕ್ಕೆ ಮೊದಲು ಅವರ ಮೊದಲ ತಿಂಗಳು ಮಾರ್ಚ್ ಆಗಿತ್ತು. ಆದ್ದರಿಂದ ಹಳೆಯ ಕಡತದಲ್ಲಿ ಎಂಟನೆಯ ತಿಂಗಳು ಎಂದು ಕಂಡರೆ ಅದನ್ನು ಆಗಸ್ಟ್ ಎಂದು ಓದಬೇಡಿ, ಅದು ಅಕ್ಟೋಬರ್.

ನಿಮ್ಮ ಹೆಳವರು ಮಾಡುವ ಕೆಲಸವನ್ನು ಈ ಮನೆತನದ ಮಟ್ಟಿಗೆ ಕ್ವೇಕರ್ ಸಭೆಗಳ ಪುಸ್ತಕಗಳು ಮಾಡಿವೆ. ಡೇನಿಯಲ್‌ನ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬ್ರಾಡ್‌ನಿಂಚ್ ಊರಿನ ನೇಕಾರ. ಮೊದಲು ದೊಡ್ಡ ಮಕ್ಕಳನ್ನು ಕಳುಹಿಸಿ, 1717ರಲ್ಲಿ ತಾನೂ ಪೆನ್ಸಿಲ್ವೇನಿಯಕ್ಕೆ ಬಂದ. ಮಗ ಸ್ಕ್ವೈರ್ 1720ರಲ್ಲಿ ವೇಲ್ಸ್ ಮೂಲದ ಸಾರಾ ಮಾರ್ಗನ್‌ಳನ್ನು ಮದುವೆಯಾದ. ಅವರ ಹನ್ನೊಂದು ಮಕ್ಕಳಲ್ಲಿ ಡೇನಿಯಲ್ ಆರನೆಯವನು. ಮಗಳೊಬ್ಬಳು 1742ರಲ್ಲಿ ಪಂಥದ ಹೊರಗಿನವನನ್ನು ಮದುವೆಯಾದಾಗ ಸ್ಕ್ವೈರ್ ಸಭೆಯ ಮುಂದೆ ತಪ್ಪೊಪ್ಪಿಕೊಂಡಿದ್ದ. ಹಿರಿಯ ಮಗನೂ 1747ರಲ್ಲಿ ಹಾಗೆಯೇ ಮದುವೆಯಾದಾಗ ಸ್ಕ್ವೈರ್ ಬಗ್ಗಲಿಲ್ಲ, ಸಭೆ ಆತನನ್ನು ಹೊರಹಾಕಿತು. 1750ರಲ್ಲಿ ಕುಟುಂಬ ಪೆನ್ಸಿಲ್ವೇನಿಯ ಬಿಟ್ಟು ಉತ್ತರ ಕೆರೊಲಿನದ ಯಾಡ್ಕಿನ್ ಕಣಿವೆಯತ್ತ ಹೊರಟಿತು. ಮನೆತನ ಗಡಿನಾಡಿಗೆ ಸರಿದದ್ದರ ಹಿಂದೆ ಹೊಲದ ಆಸೆಯಷ್ಟೇ ಈ ಬಹಿಷ್ಕಾರವೂ ಇದೆ ಎಂದು ನಾನು ನಂಬುತ್ತೇನೆ.

ಈಗ ಬೀಗರ ಮಾತಿಗೆ ಬರೋಣ. ಡೇನಿಯಲ್ 1756ರಲ್ಲಿ ರೆಬೆಕ್ಕಾ ಬ್ರಯನ್‌ಳನ್ನು ಮದುವೆಯಾದ. ಹತ್ತು ಮಕ್ಕಳು, ಅವರಲ್ಲಿ ಆರು ಗಂಡು. ಜೇಮ್ಸ್ ಹದಿನಾರರ ಹುಡುಗನಾಗಿದ್ದಾಗಲೇ, 1773ರಲ್ಲಿ, ಕೆಂಟಕಿಯತ್ತ ಹೊರಟ ದಾರಿಯಲ್ಲಿ ಹತನಾದ. ಇಸ್ರೇಲ್ 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ತಂದೆಯ ಕಣ್ಣೆದುರೇ ಬಿದ್ದ. ವಿಲಿಯಂ ಕೂಸಾಗಿದ್ದಾಗಲೇ ತೀರಿಕೊಂಡ. ಹೀಗಾಗಿ ಬೂನ್ ಎಂಬ ಅಡ್ಡಹೆಸರು ಡೇನಿಯಲ್‌ನಿಂದ ಗಂಡುಸಂತಾನದ ಮೂಲಕ ಇಳಿದು ಬಂದಿದ್ದರೆ ಅದು ಡೇನಿಯಲ್ ಮಾರ್ಗನ್, ಜೆಸ್ಸಿ ಬ್ರಯನ್, ನೇಥನ್ ಎಂಬ ಮೂವರ ಮೂಲಕವೇ ಬರಬೇಕು, ಮತ್ತು ಈ ಮೂವರೂ ಕೊನೆಗೆ ಮಿಸ್ಸೋರಿಯಲ್ಲಿ ನೆಲೆಸಿ ಅಲ್ಲೇ ತೀರಿಕೊಂಡವರು. ಕೆಂಟಕಿಯಲ್ಲಿ ಡೇನಿಯಲ್‌ನ ಅಣ್ಣ ಸ್ಯಾಮ್ಯುಯೆಲ್, ತಮ್ಮ ಎಡ್ವರ್ಡ್ ಮುಂತಾದವರ ಕುಟುಂಬಗಳೂ ಇದ್ದವು. ತಲೆಮಾರುಗಳಿಂದ ಕೆಂಟಕಿಯಲ್ಲೇ ಇರುವ ಬೂನ್ ಮನೆ ಆ ಅಣ್ಣತಮ್ಮಂದಿರ ಕವಲಾಗಿರುವ ಸಾಧ್ಯತೆಯೇ ಹೆಚ್ಚು. ಆಗಲೂ ವಂಶ ಅದೇ, ಅಜ್ಜ ಜಾರ್ಜ್ ಅವನೇ. ಬೀಗರು ಬೇಸರಪಡಬೇಕಾದದ್ದೇನೂ ಇಲ್ಲ.

ಮರುಪ್ರಶ್ನೆ: ಧನ್ಯವಾದ ಮೇಡಂ. ಹಾಗಾದರೆ ಡೇನಿಯಲ್‌ನಿಂದ ಕೆಳಕ್ಕೆ ಬರಲೋ, ಅಳಿಯನಿಂದ ಮೇಲಕ್ಕೆ ಹೋಗಲೋ?

ಉತ್ತರ: ಅಳಿಯನಿಂದಲೇ ಮೇಲಕ್ಕೆ ಹೋಗಿ ಸರ್. ಹೆಸರಾಂತ ಪೂರ್ವಜನಿಂದ ಕೆಳಕ್ಕೆ ಇಳಿದು ಬಂದವರು, ಬೇಕಾದ ಮನೆಗೆ ತಲುಪಲು ಎಲ್ಲೋ ಒಂದು ಹೆಸರನ್ನು ತಮಗರಿವಿಲ್ಲದೆ ಎಳೆದು ಹೊಂದಿಸಿಬಿಡುವುದನ್ನು ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. 1850ರ ಜನಗಣತಿಯವರೆಗೆ ಹಿಂದೆ ಹೋಗುವುದು ಸುಲಭ, ಅದರಲ್ಲಿ ಮನೆಯ ಎಲ್ಲ ಸ್ವತಂತ್ರ ಸದಸ್ಯರ ಹೆಸರೂ ಇದೆ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಸಿಗುತ್ತದೆ, ಉಳಿದವರೆಲ್ಲ ಬರೀ ಸಂಖ್ಯೆ. ಕೆಂಟಕಿಯ 1790 ಮತ್ತು 1800ರ ಗಣತಿಗಳಂತೂ ಉಳಿದೇ ಇಲ್ಲ. ಅವುಗಳ ಜಾಗದಲ್ಲಿ ಕಂದಾಯ ಪಟ್ಟಿ, ಮದುವೆ ಮುಚ್ಚಳಿಕೆ, ಮೃತ್ಯುಪತ್ರ, ಜಮೀನು ಕ್ರಯಪತ್ರಗಳನ್ನು ನೋಡಬೇಕು. ಜಿಲ್ಲೆಗಳು ಒಡೆದು ಹೊಸವಾಗುತ್ತಿದ್ದ ಕಾಲವದು: ಕೆಂಟಕಿ ಮೊದಲು ವರ್ಜೀನಿಯದ ಒಂದು ಜಿಲ್ಲೆಯಾಗಿತ್ತು, 1780ರಲ್ಲಿ ಮೂರಾಯಿತು, 1792ರಲ್ಲಿ ರಾಜ್ಯವಾಯಿತು. ಒಂದೇ ಹೊಲದ ಕಾಗದ ಬೇರೆ ಬೇರೆ ಕಚೇರಿಗಳಲ್ಲಿ ಸಿಗುವುದು ಇದೇ ಕಾರಣಕ್ಕೆ. ಮನೆಯವರ ಬಾಯಿಮಾತು ಬೇಕಾದರೆ, ಕಿರಿಯ ಮಗ ನೇಥನ್ ಮತ್ತು ಆತನ ಹೆಂಡತಿ ಆಲಿವ್ 1851ರಲ್ಲಿ ಲೈಮನ್ ಡ್ರೇಪರ್ ಎಂಬ ಸಂಗ್ರಾಹಕನಿಗೆ ಹೇಳಿದ ಸಂಗತಿಗಳು ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಮೇಡಂ, ಅಮೆರಿಕದ ಮೂಲನಿವಾಸಿಗಳಾದ ಶಾನೀ ಬುಡಕಟ್ಟಿನ ನಾಯಕನೊಬ್ಬ ಡೇನಿಯಲ್‌ನನ್ನು ದತ್ತು ತೆಗೆದುಕೊಂಡಿದ್ದನಂತೆ. ಅದನ್ನು ವಂಶವೃಕ್ಷದಲ್ಲಿ ಸೇರಿಸಬಹುದೇ?

ಉತ್ತರ: ರಕ್ತಸಂಬಂಧದ ಗೆರೆಯಲ್ಲಿ ಬೇಡ, ಟಿಪ್ಪಣಿಯಾಗಿ ಖಂಡಿತ ಬರೆಯಿರಿ. 1778ರಲ್ಲಿ ಸೆರೆಸಿಕ್ಕಿದ ಆತನನ್ನು ನಾಯಕ ಬ್ಲ್ಯಾಕ್‌ಫಿಶ್ ಮಗನೆಂದು ಸ್ವೀಕರಿಸಿ ದೊಡ್ಡ ಆಮೆ ಎಂಬ ಅರ್ಥದ ಶೆಲ್ಟೋವೀ ಎಂಬ ಹೆಸರಿಟ್ಟ. ತೀರಿಕೊಂಡ ಮನೆಯವರ ಜಾಗವನ್ನು ಸೆರೆಯಾಳಿನಿಂದ ತುಂಬಿಕೊಳ್ಳುವುದು ಅವರಲ್ಲಿ ನಿಜವಾದ ನೆಂಟಸ್ತಿಕೆಯೇ ಆಗಿತ್ತು. ಕೆಲವು ತಿಂಗಳ ನಂತರ ಡೇನಿಯಲ್ ತಪ್ಪಿಸಿಕೊಂಡು ಬೂನ್ಸ್‌ಬರೋ ಕೋಟೆಗೆ ಮರಳಿದ. ಆ ಕೋಟೆ ನಿಂತ ನೆಲವನ್ನು ಹೆಂಡರ್ಸನ್ ಎಂಬಾತನ ಕಂಪನಿ 1775ರಲ್ಲಿ ಚೆರೋಕೀ ಎಂಬ ಇನ್ನೊಂದು ಬುಡಕಟ್ಟಿನ ನಾಯಕರಿಂದ ಕೊಂಡಿತ್ತು. ಅಲ್ಲೇ ಬೇಟೆಯಾಡುತ್ತಿದ್ದ ಶಾನೀಗಳು ಆ ಮಾರಾಟಕ್ಕೆ ಒಪ್ಪಿದವರಲ್ಲ. ಟಿಪ್ಪಣಿಯಲ್ಲಿ ಈ ಮಾತೂ ಇರಲಿ.

ಇನ್ನೊಂದು ವಿಷಯವನ್ನು ಪ್ರಶ್ನೆ ಕೇಳಿದ ಸರ್ ಅವರಿಗೂ ಹೇಳಬೇಕು. ಜೇಮ್ಸ್ ಜೊತೆ ಹತರಾದವರಲ್ಲಿ ಚಾರ್ಲ್ಸ್ ಎಂಬ ಗುಲಾಮನೂ ಇದ್ದ. ಅಂದು ನಡೆದದ್ದನ್ನು ಅಡಗಿ ಕುಳಿತು ಕಂಡು ಹೇಳಿದವನು ಆಡಂ ಎಂಬ ಇನ್ನೊಬ್ಬ ಗುಲಾಮ. ಡೇನಿಯಲ್ ಬೂನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದವನೇ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣ ಮಾತ್ರ ಇರುತ್ತವೆ. ಅವರ ಹೆಸರುಗಳು ಉಳಿದಿರುವುದು ಹೆಚ್ಚಾಗಿ ಒಡೆಯರ ಮೃತ್ಯುಪತ್ರ ಮತ್ತು ಆಸ್ತಿಪಟ್ಟಿಗಳಲ್ಲಿ. ಬೀಗರ ಮನೆಯ ಹಳೆಯ ಕಾಗದಗಳಲ್ಲಿ ಅಂಥ ಹೆಸರು ಸಿಕ್ಕರೆ ವರ್ಷ, ಜಿಲ್ಲೆಯ ಸಮೇತ ಬರೆದಿಟ್ಟುಕೊಳ್ಳಿ. ತಮ್ಮ ಹಿರಿಯರನ್ನು ಹುಡುಕುತ್ತಿರುವ ಯಾರಿಗೋ ಆ ಒಂದು ಸಾಲು ಬೇಕಾಗಿರುತ್ತದೆ.