ಗೇಟಿನ ಮುಂದಿನ ಕರ್ಬ್ ಕಲ್ಲನ್ನು ತಗ್ಗಿಸುವ ಬಗ್ಗೆ ಸಲಹೆ ಬೇಕು

ಪ್ರಶ್ನೆ

ನಮಸ್ಕಾರ. ಮನೆಯ ಮುಂದಿನ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಮಾಡಿಕೊಂಡಿದ್ದೇವೆ. ಆದರೆ ಗೇಟಿಗೂ ರಸ್ತೆಗೂ ನಡುವೆ ಎರಡು ಮೀಟರ್ ಅಗಲದ ಫುಟ್‌ಪಾತ್ ಇದ್ದು, ಅದರ ಅಂಚಿನ ಕರ್ಬ್ ಕಲ್ಲು ರಸ್ತೆಯಿಂದ 12 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ, ಸದ್ಯಕ್ಕೆ ಹಲಗೆಗಳನ್ನು ಇಟ್ಟು ಕಾರನ್ನು ಹತ್ತಿಸುತ್ತಿದ್ದೇವೆ. ಕಲ್ಲನ್ನು ಮುಟ್ಟದೆ ರಸ್ತೆಯ ಬದಿಯಲ್ಲೇ ಸಿಮೆಂಟಿನ ಇಳಿಜಾರು ಕಟ್ಟಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಅಷ್ಟು ಸಾಕೇ, ಇಲ್ಲವೇ ಕಲ್ಲನ್ನೇ ತಗ್ಗಿಸಬೇಕೇ?

ಉತ್ತರ 1

ರಸ್ತೆ ಕಾಮಗಾರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಸಿಮೆಂಟಿನ ಇಳಿಜಾರು ಬೇಡ. ಮಳೆನೀರು ಹರಿದು ಚರಂಡಿಯ ಜಾಲರಿ ಸೇರುವುದು ಕರ್ಬ್ ಕಲ್ಲಿನ ಬುಡದಲ್ಲೇ. ಅಲ್ಲಿ ಅಡ್ಡ ಕಟ್ಟಿದರೆ ನೀರು ನಿಲ್ಲುತ್ತದೆ, ಕತ್ತಲಲ್ಲಿ ಬರುವ ಸೈಕಲ್ ಸವಾರನ ಚಕ್ರಕ್ಕೆ ಅದು ಎಡವುಗಲ್ಲಾಗುತ್ತದೆ.

ಫುಟ್‌ಪಾತ್ ಸಾರ್ವಜನಿಕ ಸ್ವತ್ತಾದ್ದರಿಂದ, ಅದನ್ನು ಅಗೆಯುವ ಮೊದಲು ರಸ್ತೆಯನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆಯಿರಿ. ಕೆಲವು ಕಡೆ ಅವರು ಒಪ್ಪಿದ ಗುತ್ತಿಗೆದಾರರೇ ಕೆಲಸ ಮಾಡಬೇಕೆಂಬ ನಿಯಮವೂ ಇರುತ್ತದೆ. ಕಲ್ಲನ್ನು ರಸ್ತೆಯ ಮಟ್ಟಕ್ಕೆ ಪೂರ್ತಿ ಇಳಿಸುವುದಿಲ್ಲ. ಸಾಮಾನ್ಯವಾಗಿ 25 ಮಿಲಿಮೀಟರಿನಷ್ಟು ಉಳಿಸುತ್ತಾರೆ, ಏಕೆಂದರೆ ರಸ್ತೆಯ ನೀರು ನಿಮ್ಮ ಅಂಗಳಕ್ಕೆ ನುಗ್ಗದಂತೆ ತಡೆಯುವುದು ಆ ಸಣ್ಣ ಅಂಚೇ. ತಗ್ಗಿಸಿದ ಭಾಗದ ಎರಡೂ ತುದಿಗಳಲ್ಲಿ ಓರೆಯಾದ ಕಲ್ಲನ್ನು ಕೂರಿಸಿ ಹಳೆಯ ಎತ್ತರಕ್ಕೆ ಸೇರಿಸಬೇಕಾಗುವುದರಿಂದ, ಮೂರು ಮೀಟರಿನ ದಾರಿಗೆ ಒಟ್ಟು ಐದು ಮೀಟರಿನಷ್ಟು ಉದ್ದ ಹಿಡಿಯುತ್ತದೆ.

ಹಣ ಉಳಿಸಲು ಹೋಗಿ ಹೆಚ್ಚಿನವರು ಎಡವುವುದು ಕಲ್ಲಿನ ಹಿಂದಿನ ಭಾಗದಲ್ಲಿ. ಜನರು ನಡೆದಾಡಲೆಂದು ಹಾಸಿದ ತೆಳುವಾದ ಚಪ್ಪಡಿ ದಿನವೂ ಕಾರಿನ ಭಾರ ತಡೆಯಲಾರದು. ಹಾಗಾಗಿ ಕಾರು ಹಾಯುವ ಅಷ್ಟೂ ಜಾಗವನ್ನು ಅಗೆದು, ಜಲ್ಲಿಯನ್ನು ಪದರ ಪದರವಾಗಿ ದಮ್ಮಸು ಮಾಡಿ, ಅದರ ಮೇಲೆ ದಪ್ಪನಾದ ಕಾಂಕ್ರೀಟು ಹಾಕಬೇಕು. ಅಡಿಯಲ್ಲಿ ನೀರಿನ ಕೊಳವೆ, ವಿದ್ಯುತ್ ಕೇಬಲ್ ಎಲ್ಲಿ ಎಷ್ಟು ಆಳದಲ್ಲಿವೆ ಎಂದು ಮೊದಲೇ ತಿಳಿದುಕೊಳ್ಳುವುದು ಅಗತ್ಯ.

ಉತ್ತರ 2

ನಮ್ಮ ಮೊದಲ ಅರ್ಜಿ ತಿರಸ್ಕೃತವಾಗಿತ್ತು. ನಮ್ಮ ಅಂಗಳದ ಆಳ ನಾಲ್ಕು ಮೀಟರ್, ಕಾರಿನ ಉದ್ದ ನಾಲ್ಕೂವರೆ. ಕಾರಿನ ಹಿಂಭಾಗ ಫುಟ್‌ಪಾತಿನ ಮೇಲೆ ಚಾಚಿಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ಆಗ ಸಿಟ್ಟು ಬಂದಿತ್ತು, ಆದರೆ ಅವರ ಮಾತು ಸರಿಯಿತ್ತು. ಒಳಗಿನ ಹೂವಿನ ಕಟ್ಟೆಯನ್ನು ಒಡೆಸಿ ಆಳ ಹೆಚ್ಚಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಗೇಟು ಹೊರಕ್ಕೆ ತೆರೆಯುವಂತಿದ್ದರೆ ಅದನ್ನೂ ಈಗಲೇ ಒಳಕ್ಕೆ ತಿರುಗಿಸಿಕೊಳ್ಳಿ. ದೀಪದ ಕಂಬವೋ ಮರವೋ ದಾರಿಗೆ ಅಡ್ಡವಿದ್ದರೆ ಅವುಗಳನ್ನು ಸರಿಸುವ ಆಸೆ ಬಿಟ್ಟು, ದಾರಿಯನ್ನೇ ಸರಿಸುವುದು ಸುಲಭ.

ಉತ್ತರ 3

ಗಾಲಿಕುರ್ಚಿಯಲ್ಲಿರುವ ತಂದೆಯವರನ್ನು ದಿನವೂ ಕರೆದೊಯ್ಯುವವಳಾಗಿ ಒಂದು ಕೋರಿಕೆಯಿದೆ. ಕೆಲವರು ಗೇಟಿನಿಂದ ರಸ್ತೆಯವರೆಗೆ ಇಡೀ ಫುಟ್‌ಪಾತನ್ನೇ ಒಂದೇ ಜಾರುಬಂಡೆ ಮಾಡಿಬಿಡುತ್ತಾರೆ. ಅಂಥ ಕಡೆ ಕುರ್ಚಿ ರಸ್ತೆಯತ್ತಲೇ ಎಳೆಯುತ್ತದೆ; ಹಿಡಿದು ತಡೆಯುವಷ್ಟರಲ್ಲಿ ಕೈ ಸೋಲುತ್ತದೆ. ನಿಮ್ಮಲ್ಲಿ ಎರಡು ಮೀಟರ್ ಇರುವುದರಿಂದ, ಕಲ್ಲಿನ ಪಕ್ಕದ 70 ಸೆಂಟಿಮೀಟರಿನೊಳಗೆ ಇಳಿಜಾರನ್ನು ಮುಗಿಸಿ, ಉಳಿದುದನ್ನು ಮೊದಲಿನ ಮಟ್ಟದಲ್ಲೇ ಬಿಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಸ್ತ್ರಿಗೆ ಬೇಡವೆಂದು ತಿಳಿಸಿದ್ದೇನೆ. ಅಂಗಳ ಐದು ಮೀಟರ್ ಆಳವಿದೆ. ಆದರೆ ಅದು ರಸ್ತೆಯ ಕಡೆಗೆ ಇಳಿಜಾರಾಗಿದ್ದು, ಮಳೆ ಬಂದರೆ ನೀರು ಗೇಟಿನಿಂದ ಹೊರಕ್ಕೆ ಹರಿಯುತ್ತದೆ. ಜೊತೆಗೆ ತಗ್ಗಿಸಬೇಕಾದ ಜಾಗದಲ್ಲೇ ನೀರಿನ ವಾಲ್ವಿನ ಮುಚ್ಚಳವೊಂದಿದೆ.

ಉತ್ತರ 1

ಅಂಗಳದ ನೀರು ಫುಟ್‌ಪಾತನ್ನು ದಾಟಿ ಹೋಗಬಾರದು. ಗೇಟಿನ ಒಳಬದಿಗೆ ಅಡ್ಡಲಾಗಿ ಜಾಲರಿ ಮುಚ್ಚಿದ ಸಣ್ಣ ಮೋರಿ ಮಾಡಿಸಿ, ಆ ನೀರನ್ನು ಉಳಿದಿರುವ ತೋಟದಲ್ಲಿ ಇಂಗಲು ಬಿಡಿ. ವಾಲ್ವಿನ ಮುಚ್ಚಳವನ್ನು ಹೊಸ ಮಟ್ಟಕ್ಕೆ ಇಳಿಸಿ, ವಾಹನದ ಭಾರ ತಡೆಯುವಂಥದ್ದನ್ನು ಕೂರಿಸಬೇಕಾಗುತ್ತದೆ. ಅದು ನೀರು ಸರಬರಾಜಿನವರ ಕೆಲಸವಾದ್ದರಿಂದ ಅದರ ಖರ್ಚು ಬೇರೆಯಾಗಬಹುದು. ಅರ್ಜಿಯೊಂದಿಗೆ ಕೊಡುವ ನಕ್ಷೆಯಲ್ಲಿ ಆ ಮುಚ್ಚಳವನ್ನು ಮರೆಯದೆ ಗುರುತಿಸಿ, ಅದರ ಫೋಟೋವನ್ನೂ ಲಗತ್ತಿಸಿ.