ಹಿಂಜ್ ಮುರಿದ ಹಳೇ ಲ್ಯಾಪ್‌ಟಾಪ್: ಏನು ಮಾಡಿದಿರಿ, ನಿಮ್ಮ ಅನುಭವ ಹೇಳಿ

ರಾಮಕೃಷ್ಣನಗರದವಳು, ಮೈಸೂರು: 2014ರ ಲ್ಯಾಪ್‌ಟಾಪ್. ಐ3, 4 ಜಿಬಿ ರ‍್ಯಾಮ್. ಎಡಗಡೆ ಹಿಂಜ್ (ಮುಚ್ಚಳದ ಕೀಲು) ಮುರಿದಿದೆ, ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತದೆ. ಎ, ಎಸ್, ಎಂಟರ್ ಕೀ ಕೆಲಸ ಮಾಡುವುದಿಲ್ಲ. ಬ್ಯಾಟರಿ ಹತ್ತು ನಿಮಿಷ. ಸ್ಕ್ರೀನ್, ವೈಫೈ ಚೆನ್ನಾಗಿವೆ. ಗುಜರಿಯವನು 300 ಕೊಡ್ತೀನಿ ಅಂದ. ಮನಸ್ಸು ಬರಲಿಲ್ಲ. ಯಾವುದಕ್ಕಾದರೂ ಬಳಸಬಹುದಾ?

ಗೊಬ್ಬರದಂಗಡಿ, ಮಂಡ್ಯ: ಕೊಡಬೇಡಿ ಮೇಡಂ! ನನ್ನದು ಸ್ಕ್ರೀನೇ ಒಡೆದಿತ್ತು. ಹಳೇ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಅಂಗಡಿಯಲ್ಲಿ ಬಿಲ್ ಮಾಡೋಕೆ ಇಟ್ಟುಕೊಂಡಿದ್ದೇನೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದ್ದೇನೆ, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. ಖರ್ಚು ಬರೆದಿಟ್ಟಿದ್ದೇನೆ ನೋಡಿ: 240 ಜಿಬಿ ಎಸ್‌ಎಸ್‌ಡಿ ಡಿಸ್ಕ್ 1,650, ಕೀಬೋರ್ಡ್ ಮೌಸ್ 650, ಕೇಬಲ್ 230. ರ‍್ಯಾಮ್ ಕಥೆ ಬೇರೆ. ಮೊದಲು 700 ಕೊಟ್ಟು ತಂದದ್ದು ಡಿಡಿಆರ್3. ನನ್ನದಕ್ಕೆ ಬೇಕಾಗಿದ್ದದ್ದು ಡಿಡಿಆರ್3ಎಲ್. ಎಲ್ ಇಲ್ಲದ್ದು 1.5 ವೋಲ್ಟ್, ಎಲ್ ಇರೋದು 1.35. ಹಾಕಿದರೆ ಆನ್ ಆಗಲ್ಲ, ಬರೀ ಫ್ಯಾನ್ ತಿರುಗುತ್ತದೆ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಮತ್ತೆ 900. ಒಟ್ಟು 4,130. ಪ್ರಿಂಟರ್ ಹೊಂದಿಸೋಕೆ ಮೂರು ಭಾನುವಾರ ಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕುವೆಂಪುನಗರ 2ನೇ ಹಂತ: 4,130 ಹಾಕಿ ಮತ್ತೆ ಅದೇ ಹಳೇ ಪ್ರೊಸೆಸರ್! ನಾನು ಬಿಚ್ಚಿ ಸ್ಕ್ರೀನ್ ಮಾತ್ರ ಮಾನಿಟರ್ ಮಾಡಿಕೊಂಡೆ. ಪ್ಯಾನೆಲ್ ಹಿಂದೆ ಸ್ಟಿಕರ್ ಇರುತ್ತದೆ, ಆ ಮಾಡೆಲ್ ನಂಬರ್ ನೋಡಿಯೇ ಸ್ಕ್ರೀನ್‌ಗೆ ಚಿತ್ರ ಕಳಿಸುವ ಕಂಟ್ರೋಲರ್ ಬೋರ್ಡ್ ತರಿಸಬೇಕು. ನಾನು 15.6 ಇಂಚು ಅಂತ ಅಳತೆ ನೋಡಿ ತರಿಸಿದೆ. ಬಂದದ್ದು 40 ಪಿನ್, ನನ್ನ ಪ್ಯಾನೆಲ್ 30 ಪಿನ್. 1,900 ಮಣ್ಣುಪಾಲು. ಇನ್ನೊಮ್ಮೆ 1,900. ಅಗ್ರಹಾರದಲ್ಲಿ ಫೋಟೋಗೆ ಕಟ್ಟು ಹಾಕುವವರ ಹತ್ತಿರ 450ಕ್ಕೆ ತೇಗದ ಫ್ರೇಮ್. ದೇವರ ಪಟ ಅಂತ ನಮ್ಮತ್ತೆ ಒಂದು ದಿನ ಅರಿಶಿನ ಕುಂಕುಮ ಇಟ್ಟಿದ್ದರು.

ಗೊಬ್ಬರದಂಗಡಿ, ಮಂಡ್ಯ: ನಿಮ್ಮದು 4,250 ಆಯ್ತಲ್ಲ ಸಾರ್. ಅದೂ ಬರೀ ಗಾಜಿಗೆ.

ಉಬ್ಬಿದ ಬ್ಯಾಟರಿ: ಎಲ್ಲರೂ ಸ್ವಲ್ಪ ಸುಮ್ನಿರಿ. ಮೊದಲು ಬ್ಯಾಟರಿ ತೆಗೆಯಿರಿ. ನಾನು ಮನೆಯ ಫೋಟೋ, ಸಿನಿಮಾ ಎಲ್ಲ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಅವನ್ನು ಮನೆಯ ಟಿವಿ, ಫೋನ್‌ನಲ್ಲಿ ನೋಡೋಕೆ ಜೆಲ್ಲಿಫಿನ್ ಅನ್ನೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಅಟ್ಟದ ಮೇಲೆ ಇಟ್ಟೆ. ದಿನದ 24 ಗಂಟೆ ಚಾರ್ಜಿಗೆ. ಏಳು ತಿಂಗಳಾದ ಮೇಲೆ ಧೂಳು ಒರೆಸೋಕೆ ಹೋದರೆ ಟಚ್‌ಪ್ಯಾಡ್ ಕರಿದ ಹಪ್ಪಳದ ಹಾಗೆ ಮೇಲಕ್ಕೆ ಎದ್ದಿದೆ. ಒತ್ತಿದರೆ ಮೆತ್ತಗಿತ್ತು. ಕೆಳಗಡೆ ಮಲಗುವ ಕೋಣೆ ರೀ! ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ 2,200ಕ್ಕೆ ಕೊಟ್ಟ ಬ್ಯಾಟರಿ ಅದು. ಈಗ ಬ್ಯಾಟರಿ ಇಲ್ಲದೆ ನೇರ ಅಡಾಪ್ಟರ್‌ನಲ್ಲಿ ಓಡುತ್ತಿದೆ. ಉಬ್ಬಿದ್ದನ್ನು ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.

ಗೊಬ್ಬರದಂಗಡಿ, ಮಂಡ್ಯ: ಬ್ಯಾಟರಿ ತೆಗೆದರೆ ಕರೆಂಟ್ ಹೋದಾಗ ಏನು ಮಾಡೋದು? ನಮ್ಮ ಕಡೆ ಬಿಲ್ ಅರ್ಧಕ್ಕೆ ನಿಂತರೆ ರೈತರು ಕಾಯ್ತಾರಾ? ಹತ್ತು ನಿಮಿಷದ ಬ್ಯಾಟರಿಯೂ ಪುಕ್ಕಟೆ ಯುಪಿಎಸ್.

ಉಬ್ಬಿದ ಬ್ಯಾಟರಿ: ಗೊಬ್ಬರದಂಗಡಿಯಲ್ಲಿ ಕೂತು ಹೀಗೆ ಹೇಳ್ತೀರಲ್ಲ! ನಾನು 2,800 ಕೊಟ್ಟು ಯುಪಿಎಸ್ ತಂದೆ.

ಗೊಬ್ಬರದಂಗಡಿ, ಮಂಡ್ಯ: ತನ್ನಿ, ನಿಮ್ಮ ಹತ್ರ ದುಡ್ಡಿದೆ. ನಮ್ಮದು ಉಬ್ಬಿಲ್ಲ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಲಿನಕ್ಸ್ ಹಾಕಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತೀರಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. 11 ನನ್ನದಕ್ಕೆ ಆಗುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಂತೆ. ಅಳಿಯ ಮಿಂಟ್ ಹಾಕಿಕೊಟ್ಟ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ 600 ಪುಟ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಎದೆ ಧಸಕ್ ಅಂದಿತು.

ಕುವೆಂಪುನಗರ 2ನೇ ಹಂತ: ಅದು ಲಿನಕ್ಸ್ ತಪ್ಪಲ್ಲ ಮೇಷ್ಟ್ರೇ. ಹಳೇ ನುಡಿ ಫಾಂಟ್ ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ ಅದರಲ್ಲಿಲ್ಲ. ಕನ್ವರ್ಟ್ ಮಾಡಿ. ನುಡಿಯಲ್ಲಿದ್ದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಆಯ್ತು.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಮಾಡಿಸಿದೆನಪ್ಪ. ಅರ್ಕಾವತ್ತು ಬಂದ ಕಡೆಯೆಲ್ಲ ಎಡವಟ್ಟು. 140 ಪುಟ ತಿದ್ದಿದ್ದೇನೆ. ಮಿಕ್ಕಿದ್ದಕ್ಕೆ ನೀವು ಬರುತ್ತೀರಾ?

ಕುವೆಂಪುನಗರ 2ನೇ ಹಂತ: 2014ರಲ್ಲೇ ಯೂನಿಕೋಡ್ ಕಲಿತಿದ್ದರೆ ಈ ಪಾಡು ಇರುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಅಳತೆ ನೋಡಿ ಬೋರ್ಡ್ ತರಿಸಿದವರಿಂದ ನಾನು ಪಾಠ ಕಲಿಯಬೇಕಾಗಿಲ್ಲ.

ರಾಮಕೃಷ್ಣನಗರದವಳು, ಮೈಸೂರು: ಜಗಳ ಬೇಡ ದಯವಿಟ್ಟು. ಪಾಸ್‌ವರ್ಡ್‌ನಲ್ಲೇ ಎ, ಎಸ್ ಎರಡೂ ಇದ್ದವು, ಒಳಗೇ ಹೋಗೋಕೆ ಆಗಿರಲಿಲ್ಲ. ನೆನ್ನೆ ಮಗಳ ಯುಎಸ್‌ಬಿ ಕೀಬೋರ್ಡ್ ಚುಚ್ಚಿದೆ, ಆಯ್ತು. ಬ್ಯಾಟರಿ ತೆಗೆದಿಟ್ಟೆ. ಈಗ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಒರಗಿಸಿ ರೇಡಿಯೋ ಕೇಳ್ತಿದ್ದೇನೆ. ಹಿಂಜ್ ಯಾರಾದರೂ ರಿಪೇರಿ ಮಾಡಿಸಿದ್ದೀರಾ? ಅದನ್ನೇ ಯಾರೂ ಹೇಳಲಿಲ್ಲ.

ಗೊಬ್ಬರದಂಗಡಿ, ಮಂಡ್ಯ: ನನ್ನದಕ್ಕೆ ಮುಚ್ಚಳವೇ ಇಲ್ಲ ಮೇಡಂ, ಹಿಂಜ್ ಎಲ್ಲಿಂದ ಬರಬೇಕು. ಅಂದ ಹಾಗೆ ಆ ಎಲ್ ಇಲ್ಲದ ರ‍್ಯಾಮ್ ಇನ್ನೂ ನನ್ನ ಹತ್ರ ಇದೆ. ಯಾರಿಗಾದರೂ ಬೇಕಾ? 400 ಕೊಡಿ ಸಾಕು.

ಉಬ್ಬಿದ ಬ್ಯಾಟರಿ: ಗುಜರಿಯವನನ್ನ ಕೇಳಿ.