ಬೀದಿ ನಾಯಿ ಬಿಟ್ಟು ಬರಲ್ಲ ಅಂತಿದಾರೆ ಅಪ್ಪ, ಏನ್ ಮಾಡ್ಲಿ?

ಕೇಳಿದವರು: ಆರನೇ ಮಹಡಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಪ್ಲೀಸ್. ನಮ್ಮಪ್ಪಂಗೆ 73 ವರ್ಷ, ಮೈಸೂರು ಕುವೆಂಪುನಗರದಲ್ಲಿ ಒಬ್ರೇ ಇದಾರೆ, ಅಮ್ಮ ಹೋಗಿ ಮೂರು ವರ್ಷ ಆಯ್ತು. ನಾನು ಬೆಂಗಳೂರಲ್ಲಿ ಫ್ಲಾಟಲ್ಲಿದೀನಿ. ಹೋದ ತಿಂಗಳು ಅಪ್ಪ ಬಾತ್‌ರೂಮಲ್ಲಿ ಜಾರಿ ಬಿದ್ರು, ದೇವರ ದಯೆ ಏನೂ ಮುರೀಲಿಲ್ಲ, ಆದ್ರೆ ಇನ್ಮೇಲೆ ಒಬ್ರನ್ನೇ ಬಿಡೋಕೆ ನನಗೆ ಧೈರ್ಯ ಇಲ್ಲ. ಬನ್ನಿ ಅಂದ್ರೆ ಬರಲ್ಲ. ಮನೆ, ಫ್ರೆಂಡ್ಸು, ಪಾರ್ಕು ಅಂತ ಏನೇನೋ ಹೇಳಿದ್ರು, ಕೊನೆಗೆ ಬಾಯಿಬಿಟ್ಟಿದ್ದು ಕೆಂಚನ ವಿಷಯ.

ಕೆಂಚ ನಮ್ಮ ರಸ್ತೆ ನಾಯಿ, ಏಳು ವರ್ಷ ಇರಬೇಕು. ಮರಿ ಇದ್ದಾಗ ನಮ್ಮ ಗೇಟ್ ಹತ್ರ ಬಂದು ಕೂತ, ಅಮ್ಮ ದಿನಾ ಕಾವಲಿಯಿಂದ ಮೊದಲ್ನೇ ದೋಸೆ ಸರಿಯಾಗಿ ಏಳ್ದೆ ಹರಿಯುತ್ತಲ್ಲ ಅದನ್ನ ಇವನಿಗೆ ಹಾಕ್ತಿದ್ರು. ಅಪ್ಪಂಗೆ ಆಗ ಇವನನ್ನ ಕಂಡ್ರೆ ಆಗ್ತಿರಲಿಲ್ಲ, ನೀರು ಎರಚಿ ಓಡಿಸ್ತಿದ್ರು. ಅಮ್ಮ ಹೋದ ಮೇಲೆ ಅದೇನಾಯ್ತೋ, ಅಡುಗೆಮನೆಗೇ ಕಾಲಿಡದ ಮನುಷ್ಯ ದೋಸೆ ಹುಯ್ಯೋದು ಕಲಿತ್ರು, ಮೊದಲ್ನೇದು ಈಗ್ಲೂ ಕೆಂಚಂಗೇ. ಬೆಳಿಗ್ಗೆ ವಾಕಿಂಗ್ ಹೊರಟ್ರೆ ಜೊತೆಗೆ ಹೋಗ್ತಾನೆ, ರಸ್ತೆ ತಿರುವಿನ ತನಕ ಅಷ್ಟೇ, ಅಲ್ಲಿಂದ ಆಚೆ ಒಂದು ಹೆಜ್ಜೆ ಇಡಲ್ಲ, ಅಪ್ಪ ವಾಪಸ್ ಬರೋ ತನಕ ಅಲ್ಲೇ ಕೂತಿರ್ತಾನೆ.

ಟೀವಿಲಿ ಬೀದಿ ನಾಯಿ ಹಿಡ್ಕೊಂಡು ಹೋಗೋ ಸುದ್ದಿ ನೋಡಿ ನೋಡಿ, ನಾನಿಲ್ಲ ಅಂದ್ರೆ ಅವನನ್ನೂ ಎತ್ತಾಕೊಂಡು ಹೋಗ್ತಾರೆ ಅನ್ನೋ ಭಯ ಅವರಿಗೆ. ಮೊದ್ಲು ನಾನೂ ಕೂಗಾಡಿದೆ, ಒಂದು ನಾಯಿಗೋಸ್ಕರ ಇಷ್ಟು ಹಟನಾ ಅಂತ. ಈಗ ಹಾಗೆ ಅಂದಿದ್ದಕ್ಕೆ ನಿಜವಾಗ್ಲೂ ಬೇಜಾರಾಗ್ತಿದೆ. ಏಳು ವರ್ಷ ಬೀದೀಲಿ ಇದ್ದ ನಾಯಿ ಫ್ಲಾಟಿಗೆ ಹೊಂದ್ಕೊಳುತ್ತಾ? ಅನುಭವ ಇದ್ದೋರು ಹೇಳಿ.

---

ಉತ್ತರ: ರಾಣಿ ಅಮ್ಮ

ಹೊಂದ್ಕೊಳುತ್ತೆ, ಆದ್ರೆ ಟೈಮ್ ಬೇಕು. ನಾನು ಐದು ವರ್ಷದ ಬೀದಿ ನಾಯೀನ ಅಪಾರ್ಟ್‌ಮೆಂಟಿಗೆ ತಂದವಳು. ಮೊದಲ ವಾರ ರಾಣಿ ಸೋಫಾ ಹಿಂದಿನಿಂದ ಹೊರಗೇ ಬರಲಿಲ್ಲ, ಮಿಕ್ಸಿ ಸದ್ದಿಗೆ ನಡುಗೋಳು, ಒಂದಕ್ಕೆ ಎರಡಕ್ಕೆ ಮಣ್ಣು ಹುಲ್ಲು ಇದ್ರೇನೇ ಹೋಗೋದು, ಟೈಲ್ಸ್ ಮೇಲೆ ಇಡೀ ದಿನ ತಡ್ಕೊಂಡು ಕೂತಿರೋಳು ಪಾಪ. ಪೂರ್ತಿ ಸರಿ ಹೋಗೋಕೆ ಮೂರು ತಿಂಗಳು ಹಿಡೀತು. ಎಲ್ಲಕ್ಕಿಂತ ಕಷ್ಟ ಆಗಿದ್ದು ಲಿಫ್ಟು, ಬಾಗಿಲು ಮುಚ್ಚಿ ನೆಲ ಅಲ್ಲಾಡಿದ್ರೆ ಅವಕ್ಕೆ ಜೀವ ಹೋದಂಗೆ. ನಾನು ಒಂದು ವಾರ ಲಿಫ್ಟ್ ಒಳಗೆ ಚಿಕನ್ ಚೂರು ಹಾಕಿ, ತಿನ್ನಿಸಿ, ಹೊರಗೆ ಕರ್ಕೊಂಡು ಬಂದು, ಹಾಗೇ ಅಭ್ಯಾಸ ಮಾಡಿಸ್ದೆ.

ತರೋಕೆ ಮುಂಚೆ ವೆಟ್ ಹತ್ರ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಬೀದಿ ನಾಯಿಗಳಲ್ಲಿ ಉಣ್ಣೆ ಕಚ್ಚಿ ಬರೋ ಜ್ವರ ಜಾಸ್ತಿ. ರೇಬಿಸ್ ಲಸಿಕೆ ವರ್ಷ ವರ್ಷ. ಕುತ್ತಿಗೆ ಬೆಲ್ಟ್ ಬೇಡ, ಹೆದರಿದಾಗ ಹಿಂದಕ್ಕೆ ಎಳೆದು ತಲೆ ಬಿಡಿಸ್ಕೊಂಡು ಓಡಿಹೋಗ್ತವೆ, ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ. ಅಸೋಸಿಯೇಷನ್ ಅವರು ನಾಯಿ ಸಾಕಂಗಿಲ್ಲ ಅಂದ್ರೆ ಹೆದರಬೇಡಿ, ಸಾಕೋದನ್ನ ನಿಷೇಧಿಸೋ ಹಕ್ಕು ಅವರಿಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಇದೆ. ಗಲೀಜು ಮಾತ್ರ ನಾವೇ ಎತ್ತಬೇಕು.

---

ಉತ್ತರ: ಧಾರವಾಡ ಮಂದಿ

ನನ್ನ ಮಾತು ಕೆಲವರಿಗೆ ಸೇರಂಗಿಲ್ಲ, ಆದ್ರೂ ಹೇಳ್ತೀನಿ. ನನ್ನ ಮಗಳಿಗೆ ಆರು ವರ್ಷ ಇದ್ದಾಗ ಸಾಲಿಯಿಂದ ಬರೋವಾಗ ಓಣಿ ನಾಯಿ ಕಾಲಿಗೆ ಕಚ್ಚಿತ್ತು. ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯೋ ನೀರಾಗ ತೊಳದ್ವಿ, ಸರ್ಕಾರಿ ದವಾಖಾನಿಗೆ ಓಡಿದ್ವಿ, ಗಾಯದ ಸುತ್ತ ಸೀರಂ ಚುಚ್ಚಿದ್ರು, ಆಮೇಲೆ 0, 3, 7, 28ನೇ ದಿನ ಇಂಜೆಕ್ಷನ್. ಆ ಇಪ್ಪತ್ತೆಂಟು ದಿನ ನಾನು ನೆಟ್ಟಗ ನಿದ್ದಿ ಮಾಡಿಲ್ಲ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸ್ತು ಅಂದ್ರ ಉಳಿಯೋದು ಇಲ್ಲ ಅಂತನ ಹೇಳಬೇಕು, ಅದು ತಲಿಯೊಳಗ ಕೊರೀತಿತ್ತು.

ಆದ್ರ ನಮ್ಮ ಅವ್ವ ಆ ಓಣಿ ನಾಯಿಗಳಿಗೆ ರೊಟ್ಟಿ ಹಾಕೋದು ಬಿಡಲಿಲ್ಲ, ನಾನು ಬೈದೆ, ಭಾಳ ಬೈದೆ. ಆಕಿ ಏನ್ ಮಾಡಿದ್ಲು ಅಂದ್ರ ರೊಟ್ಟಿ ತೋರಿಸಿ ಒಂದೊಂದನ್ನ ಹಿಡಿಸಿ ಎಂಟೂ ನಾಯಿಗೆ ಲಸಿಕಿ ಹಾಕಿಸಿದ್ಲು. ಹಿಡಿಯೋರ ಕೈಗೆ ಸಿಗದಿದ್ದ ನಾಯಿ ಆಕಿ ಕರದ್ರ ಬರ್ತಿದ್ವು. ಅದಕ್ಕ ನಿಮ್ಮ ಅಪ್ಪಾಜಿಯವರಿಗೆ ಹೇಳ್ರಿ, ಪ್ರೀತಿ ಇದ್ರ ಮೊದಲ ಕೆಂಚಗ ಲಸಿಕಿ ಹಾಕಸ್ರಿ ಅಂತ. ಆತ ಮೈಸೂರಾಗ ಉಳೀಲಿ, ಬೆಂಗಳೂರಿಗೆ ಬರ್ಲಿ, ಅದು ಆಗಲೇಬೇಕು.

---

ಉತ್ತರ: ಕಿವಿ ಕಟ್

ಕೆಂಚನ ಕಿವಿ ನೋಡಿ, ತುದಿ ಕಟ್ ಆಗಿದ್ಯಾ? ಇದ್ರೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಅರ್ಥ. ಅಪ್ಪನ ಭಯದ ಬಗ್ಗೆ ಹೇಳ್ಬೇಕು ಅಂದ್ರೆ, 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. 2025ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ದಿಲ್ಲಿ ಕಡೆ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತ್ತು, 22ಕ್ಕೆ ಅದನ್ನ ಬದಲಾಯಿಸಿ ರೇಬಿಸ್ ಇರೋವು, ಆಕ್ರಮಣಕಾರಿ ನಾಯಿಗಳು ಬಿಟ್ಟು ಉಳಿದವನ್ನ ವಾಪಸ್ ಬಿಡಿ ಅಂತು. ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು, ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಇಂಥ ಕಡೆ ಹಿಡಿದಿದ್ದನ್ನ ಮತ್ತೆ ಅಲ್ಲೇ ಬಿಡಂಗಿಲ್ಲ ಅಂತ. ರಸ್ತೇಲಿರೋ ಕೆಂಚನ ಲೆಕ್ಕ ಬೇರೆ.

ಇನ್ನೊಂದು ವಿಷ್ಯ, ಕೆಂಚ ಆ ತಿರುವು ದಾಟದೇ ಇರೋದು ಸೋಮಾರಿತನಕ್ಕಲ್ಲ. ಆಚೆ ಬೇರೆ ಗುಂಪಿನ ಜಾಗ, ಹೋದ್ರೆ ಕಚ್ತಾವೆ. ಅವನ ಪ್ರಪಂಚ ಅಂದ್ರೆ ಆ ರಸ್ತೆ. ಅಲ್ಲಿ ಇನ್ಯಾರು ಊಟ ಹಾಕ್ತಾರೆ ಅಂತ ಕೇಳಿ ನೋಡಿ, ನಿಮಗೆ ಗೊತ್ತಿಲ್ಲದ ಮೂರು ಮನೆ ಇರುತ್ತೆ.

---

ಉತ್ತರ: ಮದ್ದೂರು ವಡೆ

ಒಂದು ನಾಯಿಗೋಸ್ಕರ ಇಷ್ಟು ಹಟನಾ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನಮ್ಮ ಮದ್ದೂರು ತಾಲ್ಲೂಕಲ್ಲಿ ಆತಕೂರು ಅಂತ ಊರು, ಅಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಅನ್ನೋ ವೀರನಿಗೆ ಅವನ ಒಡೆಯ ಮೆಚ್ಚಿದೆ, ಬೇಡಿಕೋ ಅಂದ್ರೆ ಅವನು ಕೇಳಿದ್ದು ಕಾಳಿ ಅನ್ನೋ ನಾಯಿ. ಆ ಕಾಳಿ ಒಂದು ಕಾಡುಹಂದಿ ಜೊತೆ ಕಾದಾಡಿ, ಹಂದೀನೂ ಸತ್ತು ತಾನೂ ಸತ್ತು, ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಕೊಟ್ರು, ಕಲ್ಲಿಗೆ ಪೂಜೆ ಮಾಡದೆ ಗೊರವ (ಗುಡಿ ಪೂಜಾರಿ) ಉಂಡ್ರೆ ನಾಯಿಯ ಪಾಪ ಅವನಿಗೆ ಅಂತ ಬರೆಸಿದ್ರು. ಆ ಕಲ್ಲು ಈಗ ಬೆಂಗಳೂರು ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ, ನಾಯಿ ಹಂದಿ ಎದುರುಬದುರು ನಿಂತಿರೋದು ಕೆತ್ತಿದಾರೆ, ಅಪ್ಪ ಬಂದ್ರೆ ಒಂದ್ಸಲ ಕರ್ಕೊಂಡು ಹೋಗಿ. ಅದು ಬೇಟೆ ನಾಯಿ, ಬೀದೀದಲ್ಲ, ಒಪ್ತೀನಿ. ಆದ್ರೂ ನಿಮ್ಮಪ್ಪ ಹೊಸದಾಗಿ ಏನೂ ಕೇಳ್ತಿಲ್ಲ.

---

ಮತ್ತೆ ಬರೆದವರು: ಆರನೇ ಮಹಡಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ವಾರಾಂತ್ಯ ಮೈಸೂರಿಗೆ ಹೋಗಿದ್ದೆ. ಕಿವಿ ತುದಿ ಕಟ್ ಇದೆ, ನಾನು ಇಷ್ಟು ವರ್ಷ ಜಗಳದಲ್ಲಿ ಹರಿದಿದ್ದು ಅನ್ಕೊಂಡಿದ್ದೆ. ಹೌದು, ಹೂವಿನೋರು ಮಧ್ಯಾಹ್ನ ಅನ್ನ ಹಾಕ್ತಾರಂತೆ, ಅವರು ಅವನನ್ನ ರಾಜು ಅಂತಾರೆ, ಅಪ್ಪಂಗೇ ಗೊತ್ತಿರಲಿಲ್ಲ. ನೀವು ಹೊರಟ್ರೆ ನಾವು ನೋಡ್ಕೋತೀವಿ ಸಾರ್ ಅಂದ್ರು, ಅಪ್ಪ ಏನೂ ಮಾತಾಡಲಿಲ್ಲ, ಮನೆಗೆ ಬಂದು ರಾತ್ರಿ ಊಟಾನೂ ಸರಿಯಾಗಿ ಮಾಡಲಿಲ್ಲ.

ಅದಕ್ಕೇ ಬಲವಂತ ಬೇಡ ಅಂತ ಬಿಟ್ಟೆ. ಬಾತ್‌ರೂಮಿಗೆ ಹಿಡಿ ಹಾಕಿಸಿದೀನಿ, ಜಾರದ ಮ್ಯಾಟ್ ತಂದೆ. ಲಸಿಕೆ ಆಯ್ತು, ರಕ್ತ ಪರೀಕ್ಷೆ ರಿಪೋರ್ಟ್ ಬರಬೇಕು. ಭಾನುವಾರ ಬೆಳಿಗ್ಗೆ ಅಪ್ಪಾನೇ, ಕಾರು ತೆಗಿ ಅಂದ್ರು, ಕೆಂಚನ್ನ ಎತ್ತಿ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಆ ತಿರುವು ದಾಟಿಸಿದ್ವಿ. ಜೊಲ್ಲು ಸುರಿಸ್ತಾ ನಡುಗ್ತಾ ಇದ್ದ, ಅಪ್ಪನ ಮೊಣಕೈ ಸಂದಿಗೆ ಮೂತಿ ತೂರಿಸ್ಕೊಂಡಿದ್ದ, ಆದ್ರೆ ಇಳಿಯೋಕೆ ಒದ್ದಾಡಲಿಲ್ಲ. ರಿಂಗ್ ರೋಡ್ ತನಕ ಹೋಗಿ ವಾಪಸ್ ಬಂದ್ವಿ.

ನಿನ್ನೆ ರಾತ್ರಿ ಅಪ್ಪ ಫೋನ್ ಮಾಡಿದ್ರು. ಬರ್ತೀನಿ ಅಂತ ಹೇಳಲಿಲ್ಲ, ಬರಲ್ಲ ಅಂತಾನೂ ಹೇಳಲಿಲ್ಲ. ನಿಮ್ಮ ಲಿಫ್ಟ್ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತೆ ಅಂತ ಕೇಳಿದ್ರು.